ಹಿಪ್ಪೆ

ನೆಗ್ರೋಸ್ ದ್ವೀಪಕ್ಕೆ ಎರಡು ಹೊಗೆ.
ಒಂದು ಕನ್ಲಾವೋನ್ ಬೆಟ್ಟದ್ದು, ಅದರ ಮರ್ಜಿ.
ಇನ್ನೊಂದು ನಮ್ಮ ಮಿಲ್ಲಿನದು.

ಐದು ಗಾಣದ ಹಲ್ಲಿಗೆ ಸಿಕ್ಕಿ ಬಂದದ್ದರಲ್ಲಿ
ಇನ್ನೇನಿದೆ, ಅನ್ನುತ್ತಾರೆ ಸಕ್ಕರೆಯವರು.
ನಾನು ಬೆಲ್ಟಿನ ಪಕ್ಕ ನಿಂತು
ಒಂದು ಹಿಡಿ ತೆಗೆದು ಹಿಸುಕುತ್ತೇನೆ:
ಅಂಗೈಗೆ ಪಸೆ ಹತ್ತಿದರೆ ಬಾಯ್ಲರ್ ಕೆಮ್ಮುತ್ತದೆ,
ಹತ್ತದಿದ್ದರೆ ಧಗ್ಗೆಂದು ನಗುತ್ತದೆ.
ಲ್ಯಾಬಿನ ಹುಡುಗಿ ತೂಗಿ, ಒಣಗಿಸಿ, ಮತ್ತೆ ತೂಗಿ
ಬರೆದುಕೊಳ್ಳುವ ಅಂಕಿ
ನನ್ನ ಅಂಗೈಗಿಂತ ಒಂದೋ ಎರಡೋ ಆಚೀಚೆ.

ಆವಿ, ಚಕ್ರ, ತಂತಿ.
ಆಮೇಲೆ ಪೇಟೆಯ ಐಸ್‌ಕ್ಯಾಂಡಿ, ಇಗರ್ಜಿಯ ಫ್ಯಾನು,
ಹೆರಿಗೆ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಒಂದೇ ಬಲ್ಬು.

ಮೇ ಕಳೆದರೆ ಕಟಾವು ಮುಗಿಯಿತು.
ಮುಂದಿನ ತಿಂಗಳುಗಳಿಗೆ ಇಲ್ಲಿ ಹೆಸರು: ಸತ್ತ ಕಾಲ.
ಕಡಿಯುವವರು ಕತ್ತಿಗೆ ಎಣ್ಣೆ ಸವರಿ ಸೂರಿಗೆ ಸಿಕ್ಕಿಸುತ್ತಾರೆ,
ಗಂಜಿಗೆ ಇನ್ನೊಂದು ಚೊಂಬು ನೀರು ಬೀಳುತ್ತದೆ.
ಟಾರ್ಪಾಲಿನಡಿ ಗುಡ್ಡೆ ಹಾಕಿಟ್ಟ ಹಿಪ್ಪೆ ಮಾತ್ರ
ದಿನಾ ಪಾಳಿ ತಪ್ಪದೆ ಕೆಲಸಕ್ಕೆ ಹೋಗುತ್ತದೆ.

ತಮ್ಮ ಪ್ರುದೆನ್ಸಿಯೋ,
ಇಪ್ಪತ್ತೆರಡು ಸುಗ್ಗಿ ಕಡಿದವನು,
ಗೇಟಿನ ಸರಳು ಹಿಡಿದು ಆ ಗುಡ್ಡೆ ನೋಡುತ್ತಿದ್ದ.
"ಹಿಂಡಿ ಹಿಪ್ಪೆ ಮಾಡಿದ್ದು ನಮ್ಮನ್ನೂ ಅಲ್ಲವೇನಕ್ಕಾ?
ಮತ್ತೆ ನಮ್ಮನ್ನೇಕೆ ಒಳಗೆ ಕರೆಯುವುದಿಲ್ಲ?"

ಇಬ್ಬರೂ ನಕ್ಕೆವು, ಕಾವಲಿನವನೂ.
ಸರಳಿನ ಈಚೆಯಿಂದ ಅವನ ಕೈ ಹಿಡಿದು
ಅಭ್ಯಾಸಬಲದಿಂದ ಹಿಸುಕಿಬಿಟ್ಟೆ.

ಇಲ್ಲ, ಇದು ಉರಿಯುವುದಿಲ್ಲ.
ಪಸೆ ಇನ್ನೂ ಇದೆ.