ನಲವತ್ತೇಳನೇ ನಂಬರಿನ ನೀಲಿ

ಸಿಗಂದೂರಿಗೆಂದು ಹೊರಟವರು ನಾವು,
ಹೊನ್ನಾಳಿಯಿಂದ, ಬೆಳಗಿನ ಐದಕ್ಕೆ,
ಹದಿನಾಲ್ಕು ಜನ, ಒಂದು ಟಿಟಿ, ಎರಡು ಡಬರಿ ಚಿತ್ರಾನ್ನ.
ಆಯನೂರು ದಾಟಿದ್ದೇ ತಡ
ಮಕ್ಕಳು ಕಿಟಕಿಗೆ ಮೂಗೊತ್ತಿ ಕಿರುಚಿದರು:
ಮರಗಳ ತಲೆಯ ಮೇಲೆ ಹಳದಿ ಕೊಳವೆಯೊಂದು
ಹೆಬ್ಬಾವಿನ ಹಾಗೆ ಸುತ್ತಿಕೊಂಡು ಮಲಗಿತ್ತು.
"ಬರುವಾಗ ನೋಡೋಣ" ಅಂದ ನನ್ನ ಗಂಡ ಹಾಲೇಶ.
ಬರುವಾಗ ಅನ್ನುವುದು ಯಾವತ್ತೂ ಬರುವುದಿಲ್ಲವೆಂದು
ಎಂಟು ವರ್ಷದ ಇಂಚರಳಿಗೂ ಗೊತ್ತು.
ಡ್ರೈವರ್ ಜಬಿಯುಲ್ಲಾ ಆಗಲೇ ಇಂಡಿಕೇಟರ್ ಹಾಕಿದ್ದ.

ಗೇಟಿನಲ್ಲಿ ಚಿತ್ರಾನ್ನಕ್ಕೆ ಪ್ರವೇಶವಿಲ್ಲ.
ಹತ್ತಿಬಟ್ಟೆಗೂ ಇಲ್ಲ, ಸೀರೆಗಂತೂ ಇಲ್ಲವೇ ಇಲ್ಲ.
ಬಾಡಿಗೆ ಕೌಂಟರಿನ ಹುಡುಗಿ ಅತ್ತೆಯನ್ನು ಅಡಿಯಿಂದ ಮುಡಿತನಕ ನೋಡಿ
ನೀಲಿ ನೈಲಾನಿನ ಅಂಗಿ, ಮೊಣಕಾಲು ಮುಟ್ಟುವ ಚಡ್ಡಿ ಚಾಚಿದಳು.
ಎದೆಯ ಮೇಲೆ ಬಿಳಿಯಲ್ಲಿ ನಲವತ್ತೇಳು.
"ನಾನು ಚಪ್ಪಲಿ ಕಾಯ್ತೀನಿ ಬಿಡ್ರಿ" ಅಂದರು ಗುತ್ಯಮ್ಮ.
ಎಲ್ಲಿ ಹೋದರೂ ಅವರ ಪಾಲಿನದು ಅದೇ:
ಚೀಲ, ಚಪ್ಪಲಿ, ನಿದ್ದೆಹೋದ ಕೂಸು.
ಆದರೆ ಟಿಕೆಟ್ ಹರಿದಾಗಿತ್ತು. ಐನೂರೈವತ್ತು. ವಾಪಸಿಲ್ಲ.
ದುಡ್ಡು ನೀರಲ್ಲಿ ಹೋಗುವುದನ್ನು ಅತ್ತೆ ಸಹಿಸರು.

ಕಾಲು ಗಂಟೆ ಬಾಗಿಲು ತೆರೆಯಲಿಲ್ಲ.
ತೆರೆದಾಗ ನಾನು ಕಂಡದ್ದು ಅವರ ಮೀನಖಂಡ.
ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದೂ ನೋಡಿರದ ಕಾಲು,
ಬಿಸಿಲೇ ತಾಗದ, ಯಾರೋ ಹುಡುಗಿಯದೆಂಬಂಥ ಕಾಲು.
ನಾಗವೇಣಿ ನಗಲು ಬಾಯಿ ತೆರೆದವಳು ಮುಚ್ಚಿಕೊಂಡಳು.
"ನೀರು ವಾಸನೆ" ಅಂದರು ಅತ್ತೆ,
"ಬ್ಲೀಚಿಂಗ್ ಪೌಡರು ಜಾಸ್ತಿ ಆಗೈತಿ."
ಶಾಲೆಯ ಬಿಸಿಯೂಟದ ಸಂಪಿಗೆ
ಕೈಯಳತೆಯಲ್ಲೇ ಹಾಕುವವರು ಅವರು.

ಆಮೇಲೆ ಅಲೆಗಳ ಕೊಳ. ಸೈರನ್ನು. ಕೇಕೆ.
ಮಗನ ಕನ್ನಡಕ ಕಳೆದು, ಸಿಕ್ಕು, ಮತ್ತೆ ಕಳೆದು,
ಭಾವ ಹಳದಿ ಕೊಳವೆಯ ತುದಿಯಲ್ಲಿ ಕೂತು
ಮನೆದೇವರನ್ನೆಲ್ಲ ನೆನೆದು
ಮೆಟ್ಟಿಲಿಂದಲೇ ಇಳಿದು ಬಂದು,
ಎರಡು ಗಂಟೆಗೆ ಎಣಿಸಿದರೆ ಹದಿಮೂರು.

ಹುಡುಕುವುದು ಹೇಗೆ?
ಸಂತೆಯಲ್ಲಾದರೆ ಹಸಿರು ಸೀರೆ ಅಂತ ಕೇಳಬಹುದಿತ್ತು,
ತುರುಬು, ಸೊಂಟದಲ್ಲಿ ಎಲೆಯಡಿಕೆ ಚೀಲ.
ಇಲ್ಲಿ ಸಾಹುಕಾರನಿಗೂ ಅವನ ಕಾರು ಓಡಿಸುವವನಿಗೂ
ಒಂದೇ ಥಾನಿನ ನೀಲಿ.
ಮೈಕಿನವನು ಕೇಳಿದ, "ಗುರುತು ಹೇಳಿ."
ನಂಬರು ಹೇಳಿದೆವು.
ನಡುನೆತ್ತಿಯಲ್ಲಿ ಅಂಗೈಯಗಲ ಬೋಳು, ಸಿಂಬೆ ಕೂತ ಜಾಗ,
ಅದು ನೆನಪಾದರೂ ನಾನು ಹೇಳಲಿಲ್ಲ.
ಮೈಕಿನಲ್ಲಿ ಕೂಗುವ ಮಾತಲ್ಲ.

ಕಂಡಿದ್ದು ಇಂಚರಳಿಗೆ.
ಪಾರ್ಕನ್ನೇ ಸುತ್ತುವ ಸೊಂಟದಾಳದ ಕಾಲುವೆ, ಆಮೆನಡಿಗೆಯದು,
ಅದರ ಮೇಲೆ ರಬ್ಬರಿನ ಬಳೆ, ಬಳೆಯೊಳಗೆ ಅಜ್ಜಿ,
ಅಂಗಾಲು ಆಕಾಶಕ್ಕೆ, ಎರಡೂ ಕೈ ನೀರಿಗೆ ಬಿಟ್ಟು,
ಸೇತುವೆಯಡಿ ಮಾಯವಾಗಿ,
ಸಿಮೆಂಟಿನ ಆನೆಯ ಸೊಂಡಿಲಿಗೆ ನೆತ್ತಿಯೊಡ್ಡಿ,
ಮತ್ತೆ ಬಂದರು.
ಸೀಟಿಯ ಹುಡುಗ, ಆನವಟ್ಟಿಯವನಂತೆ, ಹೇಳಿದ:
"ಹನ್ನೊಂದನೇ ಸುತ್ತು ಅಕ್ಕಾ. ಇಳೀರಿ ಅಂದ್ರೆ
ಊಟದ ಬೆಲ್ ಆಯ್ತೇನಪ್ಪಾ ಅಂತಾರೆ.
ಇಲ್ಲಜ್ಜಿ ಅಂದೆ."

ದಡದಿಂದ ಹಾಲೇಶ ಕೂಗಿದ, "ಅವ್ವಾ, ಹೊತ್ತಾಯ್ತು!"
ಕಣ್ಣು ತೆರೆಯದೆ ಅವರೆಂದರು:
"ಈ ನೀರಿಗೆ ದಾರಿ ಗೊತ್ತೈತಿ ಕಣೋ.
ನೀವು ಉಣ್ಣಿ, ಹೋಗಿ."

ಪಾರ್ಕಿಂಗಿನ ಹೊಂಗೆಯ ಕೆಳಗೆ ತಾಡಪಾಲು ಹಾಸಿ
ತಣ್ಣಗಿನ ಚಿತ್ರಾನ್ನ ನಾವೇ ಬಡಿಸಿಕೊಂಡೆವು.
ಯಾರಿಗೆ ಉಪ್ಪು ಸಾಲದು, ಯಾರಿಗೆ ಮೆಣಸಿನಕಾಯಿ ಆಗದು
ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಅತ್ತೆ ಆ ನೈಲಾನನ್ನು ಹಿಂಡಿ, ಒದರಿ,
ನಾಲ್ಕು ಮಡಿಕೆ ಮಾಡಿ ಕೌಂಟರಿನಲ್ಲಿಟ್ಟರು.
ಹುಡುಗಿ ಅದನ್ನು ರಾಶಿಗೆ ಎಸೆದು
ಡಿಪಾಜಿಟ್ಟಿನ ಐವತ್ತು ಎಣಿಸಿದಳು.

ದೇವಿಯ ದರ್ಶನ ನಾಳೆಗೆ ಬಿತ್ತು.
ಆನಂದಪುರ ದಾಟುವವರೆಗೆ ಅವರು ಮಾತಾಡಲಿಲ್ಲ,
ಹಸಿರು ಸೀರೆಯೊಳಗೆ ಮತ್ತೆ ಅತ್ತೆಯಾಗಿ,
ಒದ್ದೆ ಕೂದಲು ಕಿಟಕಿಗೆ ಬಿಟ್ಟುಕೊಂಡು.
ಆಮೇಲೆ ನನ್ನ ಕಿವಿಗಷ್ಟೇ:
"ಆ ಕಾಲುವೆ ರಾತ್ರಿನೂ ಹರೀತೈತೇನೇ?"

ಆರಕ್ಕೆ ಮೋಟರು ಆರಿಸುವ ಬೋರ್ಡು ನಾನು ಓದಿದ್ದೆ.
"ಹೂಂ" ಅಂದೆ.