ಎರಡು ನೂಲು ಸಡಿಲ

ಮಸ್ಕತ್ತಿನ ವಾದಿ ಕಬೀರ್. ಬೆಳಗಿನ ಎಂಟಕ್ಕೇ
ತಗಡಿನ ಮಾಡು ಟಣ್ ಟಣ್ ಎಂದು ಹಿಗ್ಗುವ ಹೊತ್ತು
ಬಂತು, ಅಲ್ಲ, ಎಳೆದು ತಂದರು
ಅರವತ್ತೆರಡರ ಶೆವ್ರೊಲೆ ಪಿಕಪ್ಪು.
ಹಸಿರು ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು.

ನಮ್ಮ ಹುಡುಗ ಶಫೀಕುಲ್ ಬಗ್ಗಿ ನೋಡಿದ:
‘ಉಸ್ತಾದ್, ಇದಕ್ಕೆ ಗೇರೇ ಇಲ್ಲ!’
ಇದೆ ಮಾರಾಯ. ನೆಲದಲ್ಲಿ ಹುಡುಕಬೇಡ.
ಸ್ಟೇರಿಂಗಿನ ಕಂಕುಳಲ್ಲಿ ನೋಡು,
ಕೊಕ್ಕರೆ ಕಾಲಿನ ಹಾಗೆ ಚಾಚಿಕೊಂಡಿದೆ.

ಕುಂದಾಪುರದಲ್ಲಿ ಬೊನಿಫಾಸ್ ಪರ್ಬುಗಳ ಗ್ಯಾರೇಜು.
ಫಿಯಟ್ ಟ್ಯಾಕ್ಸಿಗಳ ಹೊಟ್ಟೆಯಡಿ ಮಲಗಿ
ಹದಿನಾರರಲ್ಲಿ ಕಲಿತದ್ದು ಇದೇ ವಿದ್ಯೆ.
ಅಲ್ಲಿ ಎಡಗೈಯ ಗೇರು, ಇಲ್ಲಿ ಬಲಗೈಯದು.
ಊರಿನ ಕೆಲಸವನ್ನೇ ಕನ್ನಡಿಯೊಳಗೆ ಮಾಡುತ್ತ
ಮೂವತ್ತು ವರ್ಷ ಆಯಿತು.

ಹಿಂದಿನಿಂದ ದನಿ:
‘ಎರಡರಿಂದ ಒಂದಕ್ಕೆ ತರುವಾಗ ಕಚ್ಚಿಕೊಳ್ಳುತ್ತದೆ.
ಒಂದು ತೋಳು ಬಿಡುವ ಮೊದಲೇ ಇನ್ನೊಂದು ಹಿಡಿಯುತ್ತದೆ.’
ಅಬಾಯದ ತೋಳು ಮಡಚಿ ನಿಂತಿದ್ದರು ಝುವೈನಾ,
ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು.
ಸೀಟಿನಡಿಯಿಂದ ಒಂದು ಕೋಲು ತೆಗೆದರು.
ಬೋರೆ ಮರದ್ದು, ತುದಿಯಲ್ಲಿ ಕವೆ,
ಗ್ರೀಸು ಕುಡಿದು ಕುಡಿದು ಕಪ್ಪಾದದ್ದು.

ಅಪ್ಪ ಸೂರ್ ಪಟ್ಟಣದಿಂದ ಒಣಮೀನು ತರುತ್ತಿದ್ದ ಗಾಡಿಯಂತೆ.
ಏರಿನಲ್ಲಿ ಗೇರು ಕಚ್ಚಿತೆಂದರೆ
ಅಪ್ಪನ ಕಾಲು ಬ್ರೇಕಿನ ಮೇಲೆ, ಇಳಿಯುವಂತಿಲ್ಲ;
ಎಂಟು ವರ್ಷದ ಹುಡುಗಿ ಜಿಗಿದು
ಚಕ್ರಕ್ಕೆ ಕಲ್ಲು ಕೊಟ್ಟು, ಬಂಪರು ಹತ್ತಿ, ಬಾನೆಟ್ಟು ಎತ್ತಿ
ಆ ಕವೆಯಿಂದ ಒಂದು ತಟ್ಟು ತಟ್ಟಿದರೆ, ಟಕ್.
ಅಣ್ಣಂದಿರು ಮೂವರು ಹಿಂದೆ, ಮೀನಿನ ಮೂಟೆ ಮೇಲೆ, ನಿದ್ದೆ.
‘ಅವರ ಕೈ ದಪ್ಪ, ಒಳಗೆ ಹೋಗುತ್ತಿರಲಿಲ್ಲ’ ಎಂದು ನಕ್ಕರು.

ಬಿಚ್ಚಿದೆ. ಕಡ್ಡಿಗಳು ನೆಟ್ಟಗಿವೆ, ತೋಳುಗಳೂ.
ಹೋಗಿರುವುದು ನಡುವಿನ ಬುಷ್ಷು:
ಬೆರಳು ತಾಗಿದ್ದೇ ಹಳೇ ಬೆಲ್ಲದ ಹಾಗೆ ಉದುರಿತು.
ತೂತು ದುಂಡಗೆ ಉಳಿದಿಲ್ಲ, ಮೊಟ್ಟೆಯಾಗಿದೆ.
ಇಷ್ಟೇ. ಕೆಳಗಿನ ಎರಡು ನೂಲು ಸಡಿಲ
ಮೇಲೆ ಕೈಗೆ ಬರುವಷ್ಟರಲ್ಲಿ
ಮೂರು ಇಂಚಿನ ಸುಳ್ಳಾಗಿರುತ್ತದೆ.

ಪಾರ್ಟು ಅಮೆರಿಕದಿಂದ ಬರಬೇಕು, ತಿಂಗಳು.
ಪಕ್ಕದ ಹೋಟೆಲಿನ ಕುಂಞಾಲಿಯ ಈರುಳ್ಳಿ ಹಲಗೆ
ಬಿಳಿ ನೈಲಾನು, ಹೆಬ್ಬೆರಳು ದಪ್ಪ.
ಅವನು ನಮಾಜಿಗೆ ಹೋದಾಗ ಕೊರೆದುಕೊಂಡೆ;
ಗಡಿಬಿಡಿಯಲ್ಲಿ ಮೂಲೆ ತಪ್ಪಿ ನಡುವಿಗೇ ಬಿತ್ತು.
ಲೇತಿನಿಂದ ಎದ್ದ ಬಿಳಿ ಸುರುಳಿಗೂ ಈರುಳ್ಳಿ ವಾಸನೆ.

ಆಮೇಲಿನದು ಪರ್ಬುಗಳ ಪಾಠ:
ನ್ಯೂಟ್ರಲಿನಲ್ಲಿ ಎರಡು ತೋಳೂ ಒಂದರ ಮೇಲೊಂದು ನಿಂತಾಗ
ಎರಡರ ತೂತಿಗೂ ಒಂದೇ ಮೊಳೆ ಇಳಿಯಬೇಕು.
ಒತ್ತಿದರೆ ಹೋಯಿತು ಅಂದರೆ
ಹೋಗಿಲ್ಲ ಎಂದೇ ಲೆಕ್ಕ.
ಕಡ್ಡಿಗೆ ಅರ್ಧ ಸುತ್ತು, ಕಾಲು ಸುತ್ತು,
ಬೆವರು ಕಣ್ಣಿಗೆ, ಮತ್ತೆ ಅರ್ಧ ಹಿಂದಕ್ಕೆ,
ಮೊಳೆ ತಾನಾಗಿ ಬಿತ್ತು. ನಟ್ಟು ಬಿಗಿದೆ.

ಝುವೈನಾ ಸೀಟಿಗೆ ಏರಿದರು.
ಎರಡು. ಒಂದು. ಎರಡು. ಒಂದು.
ಬೆಣ್ಣೆ.
ಮುತ್ರಾದ ಏರಿನ ತನಕ ಹೋಗಿ ಬಂದರು.
ಬಾನೆಟ್ಟು ಎತ್ತಿ, ಸುಮ್ಮನೆ, ಕವೆಗೋಲು ಹಿಡಿದು
ಒಳಗೆ ನೋಡುತ್ತ ನಿಂತರು.
‘ಏನಾದರೂ ತೊಂದರೆಯೇ?’
‘ಇಲ್ಲ. ಇಲ್ಲಿ ನನಗೊಂದು ಕೆಲಸ ಇರುತ್ತಿತ್ತು.’

ನಾನೇನು ಹೇಳಲಿ. ಬಿಲ್ಲು ಬರೆದೆ, ಹನ್ನೆರಡು ರಿಯಾಲ್.
ಕೋಲು ಸೀಟಿನಡಿಗೇ ಹೋಯಿತು.

ಕುಂಞಾಲಿ ಮಾತ್ರ ಈಗಲೂ ಬಿಡುವುದಿಲ್ಲ.
ಹಲಗೆ ಎತ್ತಿ ಹಿಡಿಯುತ್ತಾನೆ,
ತೂತಿನಾಚೆ ಅವನ ಒಂದೇ ಕಣ್ಣು:
‘ಹೆಚ್ಚಿದ್ದೆಲ್ಲ ಕೆಳಗೆ ಬೀಳುತ್ತದಲ್ಲ, ಯಾರು ಕೊಡುತ್ತಾರೆ?’
ಚಹಾದ ಲೆಕ್ಕಕ್ಕೆ ದಿನಾ ಐವತ್ತು ಬೈಸ ಸೇರಿಸುತ್ತಾನೆ.
ನಾನೂ ಕೊಡುತ್ತೇನೆ.