ಹಿಸ್ಸಾ ನಂಬರು ಮೂರು

ಸರಪಳಿ ಹಿಡಿದವನು ನಾನು, ಮೂವತ್ತೊಂದು ವರ್ಷ.
ಅಳತೆ ಬರೆದುಕೊಂಡವರು ಗುನಗಾ ಸಾಹೇಬರು,
ಕೊಡೆ ಬಿಡಿಸಿ, ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಕೂತು.
ನನಗೆ ಗೊತ್ತಿದ್ದದ್ದು ಕೊಂಡಿಗಳ ಸದ್ದು,
ಬೇಣದ ಮುಳ್ಳು,
ಬಾಂದುಕಲ್ಲಿನ ನೆತ್ತಿಯ ಬಾಣದ ಗುರುತು.

ಅಘನಾಶಿನಿ ಅಳಿವೆಯ ತೆಂಕಕ್ಕೆ ಒಂದು ಗುಡ್ಡ
ಕಡಲೊಳಗೆ ಚಾಚಿಕೊಂಡಿದೆ. ಊರವರಿಗೆ ಅದು ಮೂಗುಗುಡ್ಡ.
ಮೇಲೆ ಚಿರೇಕಲ್ಲು, ಹಾರೆಯ ಬಾಯಿ ಮುರಿಯುವಂಥದು.
ಕೆಳಗೆ ಶೇಡಿ, ಉಗುರಿಗೂ ಕೆರೆದು ಬರುವಂಥದು,
ಹಬ್ಬಕ್ಕೆ ಮೊದಲು ಹೆಂಗಸರು ಗೋಡೆಗೆಂದು ಒಯ್ಯುವಂಥದು.
ಕಡಲಿಗೆ ಇದು ನಮಗಿಂತ ಮೊದಲೇ ಗೊತ್ತು.
ತಲೆಯ ತಂಟೆಗೆ ಹೋಗುವುದಿಲ್ಲ ಅದು,
ಬುಡ ತೊಳೆಯುತ್ತದೆ.

ಮೇಲೆ ನಿಂತು ನೋಡಬೇಕು ಅಲೆ ಬರುವ ಬಗೆ.
ದೂರದಲ್ಲಿ ನೆಟ್ಟಗೆ, ನಾವು ಎಳೆದು ಹಿಡಿದ ಸರಪಳಿಯ ಹಾಗೆ.
ಹತ್ತಿರ ಬಂದಂತೆ ನಡುಭಾಗಕ್ಕೆ ತಳ ತಾಗಿ ಕಾಲು ಎಳೆಯುತ್ತದೆ,
ಎರಡು ತುದಿ ಮುಂದೋಡಿ, ಬಾಗಿ,
ಪಕ್ಕೆಗಳಿಂದ ಗುಡ್ಡವನ್ನೇ ಹುಡುಕಿಕೊಂಡು ಬರುತ್ತವೆ.
ಕೊಲ್ಲಿಯ ಒಳಗೆ ಹೊಕ್ಕ ಅಲೆಗೆ ಅಷ್ಟರಲ್ಲಿ ಕೈ ಸೋತಿರುತ್ತದೆ;
ಹೊತ್ತು ತಂದ ಮರಳನ್ನು ಅಲ್ಲೇ ಇಟ್ಟು
ತಡವಾಗಿ ಬಂದ ನೆಂಟನಂತೆ ಸದ್ದಿಲ್ಲದೆ ಹಿಂದೆ ಸರಿಯುತ್ತದೆ.
ಮುಂದೆ ನಿಂತವನಿಗೆ ಪೆಟ್ಟು, ಒಳಗೆ ಕೂತವನಿಗೆ ಹಾಸಿಗೆ.
ನಮ್ಮ ಕಚೇರಿಯಲ್ಲೂ ಹೀಗೇ ಇತ್ತು. ಇರಲಿ.

ಎಪ್ಪತ್ತೊಂಬತ್ತರಲ್ಲಿ ಮೊದಲು ಅಳೆದದ್ದು.
ಮಂಕಾಳಿಯ ಮಾವನಿಗೂ ಅವನ ತಮ್ಮನಿಗೂ ಪಾಲಿನ ಜಗಳ.
ಮೂರನೇ ಹಿಸ್ಸಾ ಗುಡ್ಡದ ತುದಿ: ಆರು ಗುಂಟೆ,
ಎರಡು ಗೇರುಮರ, ಬಲೆ ಒಣಗಿಸುವ ಒಂದು ಹಾಸುಬಂಡೆ.
ಕಲ್ಲು ಹುಗಿದವನು ನಾನೇ.
ಅಡಿಗೆ ಎರಡು ಬೊಗಸೆ ಇದ್ದಿಲು ಹಾಕಿದೆ, ಸಾಕ್ಷಿಗೆ;
ಕಲ್ಲು ಕಿತ್ತರೂ ಇದ್ದಿಲು ಸುಳ್ಳು ಹೇಳುವುದಿಲ್ಲ ಎಂದು
ನನಗೆ ಕಲಿಸಿದವರು ಹೇಳಿದ್ದರು.

ಆಗಲೇ ಕೆಳಗೊಂದು ಗವಿ.
ಉಬ್ಬರದ ನೀರಿಗೆ ಗಾಳಿ ಸಿಕ್ಕಿಕೊಂಡು ಗುಮ್ಮೆನ್ನುತ್ತಿತ್ತು.
"ಯಾರೋ ಒರಳಲ್ಲಿ ಕುಟ್ಟಿದಂಗೆ" ಅಂದಳು ಮಂಕಾಳಿ,
ಹೊಸ ಸೊಸೆ, ಸೆರಗಿನ ಮರೆಯಿಂದ.

ತೊಂಬತ್ತೆರಡರಲ್ಲಿ ಮತ್ತೆ ಕರೆದರು. ಗವಿ
ಆಚೆ ಬದಿಗೂ ತೂತಾಗಿತ್ತು.
ಮನೆಯಿಲ್ಲದ ಬಾಗಿಲು.
ಹೊತ್ತು ಮುಳುಗುವಾಗ ಅದರೊಳಗಿಂದ ಬೆಳಕು ತೂರಿ
ಬಂಗಡೆ ಬುಟ್ಟಿಗಳ ಮೇಲೆ ಬೀಳುವುದು.
ಗುಂಟೆ ಐದೂವರೆ ಬಂತು.
ಸಾಹೇಬರು ಆರು ಎಂದೇ ಬರೆದರು. ತಿದ್ದಲು ಅರ್ಜಿ ಬೇಕಂತೆ.

ಎರಡು ಸಾವಿರದ ಆರು, ಆಷಾಢ, ರಾತ್ರಿ.
ಕಮಾನು ಬಿತ್ತು. ಗುಡ್ಡದ ತುದಿ
ಒಂಟಿ ಕಂಬವಾಗಿ ನೀರಲ್ಲಿ ಉಳಿಯಿತು.
"ಬೇರೆ ಹೋಯ್ತು" ಅಂದರು ಊರಲ್ಲಿ, ಹಿಸ್ಸೆ ತಗೊಂಡು
ಒಲೆ ಬೇರೆ ಹೂಡಿದವರ ಬಗ್ಗೆ ಅನ್ನುವ ಹಾಗೆ.
ಅಣ್ಣತಮ್ಮಂದಿರು ಆ ಹೊತ್ತಿಗೆ ಇಬ್ಬರೂ ಇರಲಿಲ್ಲ.
ಮೊದಮೊದಲು ಇಳಿತದಲ್ಲಿ ಮೊಣಕಾಲುದ್ದ ನೀರು,
ನಡೆದೇ ಹೋಗಬಹುದಿತ್ತು. ಈಗ ಪಾತಿದೋಣಿ.

ಹೋದ ಮಾಗಿಯಲ್ಲಿ ಕರೆದೊಯ್ದಳು ಮಂಕಾಳಿ,
ಅವಳದೇ ಹುಟ್ಟು, ಅವಳದೇ ಉಳಿ, ಬುಟ್ಟಿ.
ಕಂಬದ ಬುಡದಲ್ಲಿ ಅಡ್ಡ ಬಿದ್ದಿತ್ತು ನನ್ನ ಕಲ್ಲು,
ಮೈತುಂಬ ಕಲ್ವ ಹತ್ತಿಸಿಕೊಂಡು.
ಉಳಿಯ ತುದಿಯಿಂದ ಒಂದೊಂದೇ ಎಬ್ಬಿಸಿದಳು;
ಬಾಣದ ಗುರುತು ಹೆಬ್ಬೆರಳಿಗೆ ಸಿಕ್ಕಿತು.
"ಆರೂ ಗುಂಟೆಗೆ ಕಂದಾಯ ಕಟ್ಟಿದ್ದೆ, ಈ ವರ್ಷದ್ದೂ.
ಕಲ್ವ ಕೀಳಬೇಡ ಅಂತ ಯಾರು ಹೇಳ್ತಾರೆ ನೋಡ್ವ."

ಉಳಿದ ಗುಂಟೆಗಳೆಲ್ಲ ಎಲ್ಲಿ?
ಕೊಲ್ಲಿಯ ದಂಡೆಯಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು,
ತುಸು ಕೆಂಪು ಬೆರೆತ ಮರಳು,
ಉಸಿರು ಕಟ್ಟಿ ಗೆರೆ ಮುಟ್ಟಲು ಬಿದ್ದವನ ಬೆನ್ನಿಗೆ ಮೆತ್ತಿಕೊಂಡು.
ಗೆರೆಯನ್ನು ಕಾಲಲ್ಲೇ ಎಳೆದಿದ್ದರು. ಜಗಳ ಅಲ್ಲೂ ಇತ್ತು.

ಮನೆಗೆ ಬಂದು ಪಂಚೆಯ ಮಡಿಕೆ ಬಿಚ್ಚಿದರೆ
ನಾಲ್ಕಾರು ಕರಿ ಕಾಳು.
ಇದ್ದಿಲೋ, ಬರೀ ಕಪ್ಪು ಮರಳೋ,
ಅಂಗೈಯಲ್ಲಿಟ್ಟು ಹೆಂಡತಿಗೆ ತೋರಿಸಿದೆ.
"ಹೊರಗೆ ಹೋಗಿ ಕೊಡವಿ ಬನ್ನಿ" ಅಂದಳು.